ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕುವ ಕ್ರಮ

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲೋ, ಸೋಪಿನ ನೀರು ನಿಂತ ಬಚ್ಚಲಿನಲ್ಲೋ ಕಾಲು ಜಾರಿದವರು ಬೀಳುವಾಗ ತಮಗರಿವಿಲ್ಲದೆಯೇ ಅಂಗೈಯನ್ನು ನೆಲಕ್ಕೆ ಊರುತ್ತಾರೆ. ಮುಟ್ಟು ನಿಂತು, ಮೂಳೆ ಟೊಳ್ಳಾಗತೊಡಗಿದ ಹೆಂಗಸರಲ್ಲಿ ಅಷ್ಟೇ ಸಾಕಾಗಿ, ಮುಂಗೈಯ ಹೆಬ್ಬೆರಳ ಕಡೆಯ ಮೂಳೆಯಾದ ರೇಡಿಯಸ್ ಮಣಿಕಟ್ಟಿನಿಂದ ಸುಮಾರು ಒಂದು ಅಂಗುಲ ಮೇಲೆ ಮುರಿದು, ಮುರಿದ ತುಂಡು ಕೈಯ ಹಿಂಬದಿಗೆ ಸರಿದು ಕೂರುತ್ತದೆ. ಪಕ್ಕದಿಂದ ನೋಡಿದರೆ ಕೈ ಬೋರಲು ಇಟ್ಟ ಮುಳ್ಳುಚಮಚದ ಆಕಾರದಲ್ಲಿ ಕಾಣುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಇದನ್ನು 1814ರಲ್ಲಿ, ಎಂದರೆ ಎಕ್ಸ್‌ರೇ ಬರುವುದಕ್ಕೆ ಎಂಬತ್ತು ವರ್ಷ ಮೊದಲೇ ವಿವರಿಸಿದ್ದರು. ಹಾಗಾಗಿ ಇಂದಿಗೂ ಇದಕ್ಕೆ ಕಾಲಿಸ್ ಮುರಿತ ಎಂದೇ ಹೆಸರು.

ನಮ್ಮ ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಪ್ಲಾಸ್ಟರ್ ಕೋಣೆಗೆ ವಾರ ತಪ್ಪದೆ ಬರುವ ಈ ಮುರಿತವನ್ನೇ ಇಟ್ಟುಕೊಂಡು, ಪ್ಲಾಸ್ಟರ್ ಹಾಕುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿರುವವರು, ಹೊಸದಾಗಿ ಪ್ಲಾಸ್ಟರ್ ಕೋಣೆಯ ಕೆಲಸಕ್ಕೆ ಸೇರಿದ ತಂತ್ರಜ್ಞರು ಮತ್ತು ಶುಶ್ರೂಷಕರಿಗಾಗಿ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಯಾರಿಗಾದರೂ ಕೈಗೆ ಪಟ್ಟಿ ಬಿದ್ದಿದ್ದರೆ ಅವರೂ ಓದಬಹುದು, ಅದರಲ್ಲೂ ಪಟ್ಟಿ ಹಾಕಿದ ನಂತರದ ಎಚ್ಚರಿಕೆಯ ಭಾಗವನ್ನು ಓದಲೇಬೇಕು. ಆದರೆ ಇದನ್ನು ನೋಡಿಕೊಂಡು ಮನೆಯಲ್ಲಿ ಪಟ್ಟಿ ಹಾಕುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಆರಂಭದಲ್ಲೇ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬಿಗಿಯಾಗಿ ಸುತ್ತಿದಷ್ಟೂ ಮೂಳೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಭಾವನೆ ಜನರಲ್ಲಿದೆ, ಹೊಸ ವೈದ್ಯರಲ್ಲೂ ಇದೆ. ಮೂಳೆಯನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಪ್ಲಾಸ್ಟರಿನ ಆಕಾರ. ಬಿಗಿತ ನಿಲ್ಲಿಸುವುದು ರಕ್ತವನ್ನು ಮಾತ್ರ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ತಿಳಿವಳಿಕೆಯಿಂದಲೇ ಬಂದದ್ದು.

ಪಟ್ಟಿಗೆ ಮುಂಚೆ ಕೈಯನ್ನು ನೋಡುವುದು

ಎಕ್ಸ್‌ರೇ ಕೈಗೆ ಬಂದೊಡನೆ ಅದರಲ್ಲೇ ಮುಳುಗಿ, ಎದುರಿಗೆ ಕುಳಿತವರ ಕೈಯನ್ನು ಸರಿಯಾಗಿ ನೋಡದೆ ಹೋಗುವುದು ನಾವೆಲ್ಲರೂ ಮಾಡುವ ತಪ್ಪು. ಮೊದಲು ಚರ್ಮವನ್ನು ಸುತ್ತಲೂ ತಿರುಗಿಸಿ ನೋಡಿ. ಮುರಿತದ ಸಮೀಪ ಸಣ್ಣದೊಂದು ಗಾಯವಿದ್ದು ಅದರಿಂದ ರಕ್ತ ಜಿನುಗುತ್ತಿದ್ದರೆ, ಮೂಳೆಯ ಚೂಪು ತುದಿ ಒಳಗಿನಿಂದ ಚರ್ಮವನ್ನು ತೂತು ಮಾಡಿರಬಹುದು. ಆಗ ಅದು ತೆರೆದ ಮುರಿತವಾಗುತ್ತದೆ, ಅದರ ಚಿಕಿತ್ಸೆಯ ದಾರಿಯೇ ಬೇರೆ. ಮುರಿತ ಕೀಲಿನೊಳಗೆ ಸೀಳಿದ್ದರೂ, ಪುಡಿಪುಡಿಯಾಗಿದ್ದರೂ, ಕೂಡಿಸಿದ ಮೇಲೆ ನಿಲ್ಲುವ ಲಕ್ಷಣ ಕಾಣದಿದ್ದರೂ ಪ್ಲಾಸ್ಟರ್ ಸಾಕೇ ಎಂಬುದನ್ನು ಮೂಳೆ ತಜ್ಞರೇ ತೀರ್ಮಾನಿಸಬೇಕು.

ನಂತರ ನರಗಳ ಪರೀಕ್ಷೆ. ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ನಿಮಿಷವೂ ಹಿಡಿಯುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳನ್ನು ಕೂಡಿಸಿ ಸೊನ್ನೆಯ ಆಕಾರ ಮಾಡಲು ಹೇಳಿ. ಅದು ಬಂದರೆ ಮೀಡಿಯನ್ ನರದ ಚಾಲನೆ ಸರಿಯಿದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿದರೆ ರೇಡಿಯಲ್ ನರವೂ, ಬೆರಳುಗಳನ್ನು ಅಗಲಿಸಿ ಕೂಡಿಸಿದರೆ ಅಲ್ನಾರ್ ನರವೂ ತಿಳಿಯುತ್ತವೆ. ತೋರುಬೆರಳ ತುದಿ, ಕಿರುಬೆರಳ ತುದಿ ಮತ್ತು ಹೆಬ್ಬೆರಳ ಬುಡದ ಹಿಂಬದಿ, ಈ ಮೂರು ಕಡೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳಿ, ಎರಡೂ ಕೈಗಳನ್ನು ಹೋಲಿಸಿ. ನೋಡಿದ್ದನ್ನು ಕೇಸ್ ಶೀಟಿನಲ್ಲಿ ಸಮಯದೊಂದಿಗೆ ಬರೆಯಿರಿ. ಪಟ್ಟಿ ಹಾಕಿದ ಮೇಲೆ ಬೆರಳು ಜೋಮು ಹಿಡಿದಿದೆ ಎಂದು ರೋಗಿ ಹೇಳಿದಾಗ, ಅದು ಬಿದ್ದಾಗಲೇ ಆದದ್ದೋ ನಮ್ಮ ಪಟ್ಟಿಯಿಂದ ಆದದ್ದೋ ಎಂಬುದನ್ನು ಈ ಒಂದು ಸಾಲು ಮಾತ್ರ ಹೇಳಬಲ್ಲದು.

ಉಂಗುರ, ಬಳೆ, ಮಂತ್ರಿಸಿ ಕಟ್ಟಿಸಿಕೊಂಡ ದಾರ ಇವೆಲ್ಲವನ್ನೂ ತೆಗೆಸಲೇಬೇಕು. ಬೆರಳಿನ ಉಂಗುರ ಪಟ್ಟಿಯ ಹೊರಗೇ ಇರುತ್ತದಲ್ಲ ಎಂದು ಬಿಟ್ಟರೆ, ರಾತ್ರಿಯೊಳಗೆ ಬೆರಳು ಊದಿ ಉಂಗುರ ಮಾಂಸದೊಳಗೆ ಹೂತುಕೊಳ್ಳುತ್ತದೆ. ಗಾಜಿನ ಬಳೆಯ ವಿಷಯದಲ್ಲಿ ಮುತ್ತೈದೆಯರು ಬಹಳ ಅಳುಕುತ್ತಾರೆ. ಅವರ ಮುಂದೆ ಒಡೆಯುವ ಮಾತು ಆಡದೆ, ಕೈಗೆ ಸೋಪಿನ ನೀರು ಹಚ್ಚಿ, ತೆಳುವಾದ ಪ್ಲಾಸ್ಟಿಕ್ ಕವರನ್ನು ಬೆರಳುಗಳ ಮೇಲಿಂದ ತೊಡಿಸಿ, ಅದರ ಮೇಲೆ ಬಳೆಯನ್ನು ಒಂದೊಂದಾಗಿ ಜಾರಿಸಿದರೆ ಹೆಚ್ಚಿನವು ಇಡಿಯಾಗಿಯೇ ಬರುತ್ತವೆ. ತೆಗೆದ ಬಳೆಗಳನ್ನು ಇನ್ನೊಂದು ಕೈಗೆ ತೊಡಿಸಿದರೆ ಅವರ ಮನಸ್ಸೂ ಹಗುರಾಗುತ್ತದೆ. ಉಂಗುರ ಗೆಣ್ಣು ದಾಟದಿದ್ದರೆ ಹೊಲಿಗೆಯ ದಾರದ ಒಂದು ತುದಿಯನ್ನು ಉಂಗುರದಡಿ ತೂರಿಸಿ ಅಂಗೈ ಕಡೆಗೆ ಎಳೆದಿಟ್ಟುಕೊಂಡು, ಉಳಿದ ದಾರವನ್ನು ಉಂಗುರದ ಅಂಚಿನಿಂದ ಗೆಣ್ಣಿನಾಚೆಯವರೆಗೆ ಒತ್ತೊತ್ತಾಗಿ ಬೆರಳಿಗೆ ಸುತ್ತಿ. ಬಳಿಕ ಅಂಗೈ ಕಡೆಯ ತುದಿಯನ್ನು ಹಿಡಿದು ಸುತ್ತು ಬಿಚ್ಚುತ್ತಾ ಬಂದರೆ ಉಂಗುರ ದಾರದ ಮೇಲೆ ತೆವಳುತ್ತಾ ಹೊರಬರುತ್ತದೆ. ಬೆರಳು ನೀಲಿಗಟ್ಟುತ್ತಿದ್ದರೆ ಮಾತ್ರ ಇದಕ್ಕೆಲ್ಲ ಸಮಯ ಕಳೆಯದೆ ಉಂಗುರವನ್ನು ಕತ್ತರಿಸಬೇಕು.

ಮೊದಲ ದಿನ ಸ್ಲ್ಯಾಬ್, ಸುತ್ತುಪಟ್ಟಿ ಆಮೇಲೆ

ಮುರಿದ ಕೈ ಮೊದಲ ಎರಡು ಮೂರು ದಿನ ಊದುತ್ತಲೇ ಹೋಗುತ್ತದೆ. ಪ್ಲಾಸ್ಟರ್ ಹಿಗ್ಗುವ ವಸ್ತುವಲ್ಲ. ಬಿದ್ದ ದಿನವೇ ಸುತ್ತಲೂ ಮುಚ್ಚಿದ ಪಟ್ಟಿ ಹಾಕಿ ಮನೆಗೆ ಕಳುಹಿಸಿದರೆ, ಊತಕ್ಕೆ ಹೊರಗೆ ಜಾಗ ಸಿಗದೆ ಒಳಗಿನ ಸ್ನಾಯುಗಳನ್ನೇ ಅದು ಅಮುಕುತ್ತದೆ. ಆದ್ದರಿಂದ ಮೂಳೆಯನ್ನು ಕೂಡಿಸಿದ ದಿನ ಸ್ಲ್ಯಾಬ್, ಎಂದರೆ ಕೈಯ ಹಿಂಬದಿಗೆ ಮತ್ತು ಹೆಬ್ಬೆರಳ ಪಕ್ಕಕ್ಕೆ ಹೊಂದಿ ಕೂರುವ ಅರ್ಧ ದೋಣಿಯಂಥ ಪ್ಲಾಸ್ಟರನ್ನು ಹಾಕಿ, ಅದನ್ನು ಜಾಳು ಬಟ್ಟೆಯ ಗಾಜ್ ಬ್ಯಾಂಡೇಜಿನಿಂದ ಸುತ್ತಿ, ಊತ ಇಳಿದ ಮೇಲೆ ಸಾಮಾನ್ಯವಾಗಿ ಐದರಿಂದ ಏಳು ದಿನಗಳಲ್ಲಿ ಪೂರ್ಣ ಸುತ್ತುಪಟ್ಟಿಗೆ ಹೋಗುವುದು ಸುರಕ್ಷಿತ ಕ್ರಮ. ದೂರದ ಹಳ್ಳಿಯಿಂದ ಬಂದವರು, ಮತ್ತೆ ಬರಲು ಬಸ್ಸಿಲ್ಲ, ಇವತ್ತೇ ಪೂರ್ತಿ ಪಟ್ಟಿ ಹಾಕಿಬಿಡಿ ಎಂದು ಒತ್ತಾಯಿಸುತ್ತಾರೆ. ಅವರ ಕಷ್ಟ ನಿಜವಾದದ್ದು, ಆದರೆ ಇದಕ್ಕೆ ಮಾತ್ರ ಒಪ್ಪಬಾರದು. ರಾತ್ರಿ ಬೆರಳು ಮರಗಟ್ಟಿದಾಗ ಬಸ್ಸಿಲ್ಲದ ಊರಿನಲ್ಲಿ ಇರುವವರೂ ಅವರೇ.

ಸಾಮಗ್ರಿ ಮತ್ತು ನೀರು

ಜಿಪ್ಸಮ್ ಕಲ್ಲನ್ನು ಕಾಯಿಸಿ, ಅದರೊಳಗಿನ ನೀರಿನ ಬಹುಪಾಲನ್ನು ಓಡಿಸಿ ಮಾಡಿದ ಬಿಳಿ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ಸಿನ ಮೋಂಮಾರ್ತ್ರ ಗುಡ್ಡದ ಗಣಿಗಳಿಂದ ಈ ಹೆಸರು ಬಂತು. ನೀರು ಸೇರಿದೊಡನೆ ಪುಡಿ ತಾನು ಕಳೆದುಕೊಂಡ ನೀರನ್ನು ಮರಳಿ ಹೀರಿ ಕಲ್ಲಾಗುತ್ತದೆ, ಹಾಗಾಗುವಾಗ ಬಿಸಿಯನ್ನು ಬಿಡುತ್ತದೆ. ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸನ್ 1851ರಲ್ಲಿ ಒಣ ಪುಡಿಯನ್ನು ಹತ್ತಿ ಬಟ್ಟೆಯ ಪಟ್ಟಿಗೆ ತಿಕ್ಕಿ, ಬೇಕಾದಾಗ ನೀರಿನಲ್ಲಿ ನೆನೆಸಿ ಸುತ್ತುವ ವಿಧಾನವನ್ನು ರೂಪಿಸಿದರು. ನಮ್ಮ ಜನ ಹಿಟ್ಟಿನ ಪಟ್ಟಿ, ಸಿಮೆಂಟ್ ಪಟ್ಟಿ ಎಂದು ಕರೆಯುವ ಇಂದಿನ ರೋಲ್ ಅದರದೇ ಮುಂದುವರಿಕೆ.

ಮುಂಗೈಯ ಪಟ್ಟಿಗೆ ಸಿದ್ಧಪಡಿಸಿಕೊಳ್ಳಬೇಕಾದವು ಹೆಚ್ಚೇನಿಲ್ಲ: ಸುತ್ತುಪಟ್ಟಿಗೆ 10 ಸೆಂಟಿಮೀಟರ್ ಅಗಲದ ಪ್ಲಾಸ್ಟರ್ ರೋಲ್ ಎರಡು ಅಥವಾ ಮೂರು, ಸ್ಲ್ಯಾಬಿಗಾದರೆ 15 ಸೆಂಟಿಮೀಟರಿನದು ಒಂದು, ಹತ್ತಿಯ ಪ್ಯಾಡಿಂಗ್ ರೋಲ್, ತೋಳಿಗೆ ಕಾಲುಚೀಲದಂತೆ ತೊಡಿಸುವ ಸ್ಟಾಕಿನೆಟ್, ಗಾಜ್ ಬ್ಯಾಂಡೇಜ್, ಕತ್ತರಿ, ಒಂದು ಬಕೆಟ್ ನೀರು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಯಾಕೆಟ್ ಸ್ವಲ್ಪ ಬಿರಿದಿದ್ದರೂ ಗಾಳಿಯ ತೇವ ಒಳಹೊಕ್ಕು ಪುಡಿ ಹರಳುಗಟ್ಟಿರುತ್ತದೆ. ಅಂಥ ರೋಲ್ ಎಷ್ಟು ಹೊತ್ತು ಕಾದರೂ ಗಟ್ಟಿಯಾಗುವುದಿಲ್ಲ. ಒಡೆದು ನೋಡಿ, ಬೆರಳಿಗೆ ಹರಳು ತಾಕಿದರೆ ಅದನ್ನು ಬದಿಗಿಡಿ.

ನೀರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇಗ ಗಟ್ಟಿಯಾಗಲಿ ಎಂದು ಬಿಸಿನೀರು ಬಳಸುವ ಅಭ್ಯಾಸ ಹಲವೆಡೆ ಇದೆ. ಬಿಸಿನೀರಿನಲ್ಲಿ ಪ್ಲಾಸ್ಟರ್ ಬೇಗ ಗಟ್ಟಿಯಾಗುವುದು ನಿಜ, ಆದರೆ ಅದು ಬಿಡುವ ಬಿಸಿಯೂ ಅಷ್ಟೇ ಏರಿ ಚರ್ಮ ಸುಡಬಹುದು. ದಪ್ಪವಾದ ಪದರ, ಹಿಂದಿನ ಪಟ್ಟಿಗಳ ಗಸಿ ತುಂಬಿದ ಹಳೆಯ ನೀರು, ಪಟ್ಟಿ ಗಟ್ಟಿಯಾಗುತ್ತಿರುವ ಕೈಯನ್ನು ದಿಂಬಿನ ಮೇಲೆ ಹೂತಿಡುವುದು, ಮೇಲೆ ಕಂಬಳಿ ಹೊದಿಸುವುದು ಇವೆಲ್ಲವೂ ಬಿಸಿಯನ್ನು ಹೆಚ್ಚಿಸುತ್ತವೆ. ಕೋಣೆಯ ಹದಕ್ಕಿರುವ, ಹೆಚ್ಚೆಂದರೆ ಮುಟ್ಟಿದರೆ ತಣ್ಣಗೂ ಅಲ್ಲದ ಬಿಸಿಯೂ ಅಲ್ಲದ ನೀರನ್ನು ಪ್ರತಿ ರೋಗಿಗೂ ಹೊಸದಾಗಿ ತುಂಬಿಸಿ. ಬಕೆಟಿನೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಹಾಸಿದ್ದರೆ ಗಸಿಯನ್ನು ಚೀಲದೊಂದಿಗೆ ಎತ್ತಿ ಹಾಕಬಹುದು. ಸಿಂಕಿಗೆ ಸುರಿದರೆ ಕೊಳವೆಯೊಳಗೇ ಅದು ಕಲ್ಲಾಗುತ್ತದೆ.

ಮೂಳೆ ಕೂಡಿಸಿ ಹಿಡಿಯುವುದು

ಮುರಿತವನ್ನು ಕೂಡಿಸುವುದು ವೈದ್ಯರ ಕೆಲಸ. ಮುರಿದ ಜಾಗಕ್ಕೇ ಮರಗಟ್ಟುವ ಔಷಧವನ್ನು ಚುಚ್ಚಿಯೋ, ಅರಿವಳಿಕೆ ಕೊಟ್ಟೋ ಅದನ್ನು ಮಾಡುತ್ತಾರೆ. ಒಬ್ಬರು ಮೊಣಕೈ ಮೇಲಿನ ತೋಳನ್ನು ಹಿಡಿದು ಎದುರೆಳೆತ ಕೊಡುತ್ತಿರಬೇಕು, ವೈದ್ಯರು ಬೆರಳುಗಳನ್ನು ಹಿಡಿದು ನಿಧಾನವಾಗಿ, ಒಂದೆರಡು ನಿಮಿಷ ಬಿಡದೆ ಎಳೆದು, ಸರಿದ ತುಂಡನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ಕೂರಿಸುತ್ತಾರೆ. ಅಲ್ಲಿಂದ ಮುಂದೆ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಸಹಾಯಕರ ಹಿಡಿತ ಸಡಿಲವಾಗಬಾರದು. ಮಣಿಕಟ್ಟು ಅಂಗೈ ಕಡೆಗೆ ಸ್ವಲ್ಪ ಬಾಗಿ, ಕಿರುಬೆರಳ ಕಡೆಗೆ ಸ್ವಲ್ಪ ವಾಲಿರಬೇಕು. ಸ್ವಲ್ಪ ಎಂಬ ಮಾತಿಗೆ ಇಲ್ಲಿ ತೂಕವಿದೆ. ಹೆಚ್ಚು ಬಾಗಿಸಿದರೆ ಮೂಳೆ ಚೆನ್ನಾಗಿ ನಿಂತಂತೆ ಕಂಡರೂ ಮಣಿಕಟ್ಟಿನ ಸುರಂಗದಲ್ಲಿ ಹಾಯುವ ಮೀಡಿಯನ್ ನರ ಅಮುಕಿ ಹೋಗಿ ಬೆರಳುಗಳು ಜೋಮುಗಟ್ಟುತ್ತವೆ. 20 ಡಿಗ್ರಿಯನ್ನು ದಾಟಿ ಬಾಗಿಸಬೇಡಿ. ಅಷ್ಟರಲ್ಲಿ ನಿಲ್ಲದ ಮುರಿತಕ್ಕೆ ಬೇರೆ ಚಿಕಿತ್ಸೆಯನ್ನು ಯೋಚಿಸಬೇಕು.

ಹತ್ತಿ ಸುತ್ತುವುದು

ಸ್ಟಾಕಿನೆಟನ್ನು ಮೊಣಕೈಯಿಂದ ಬೆರಳ ಗೆಣ್ಣಿನಾಚೆಗೂ ಬರುವಷ್ಟು ಕತ್ತರಿಸಿ, ಹೆಬ್ಬೆರಳಿಗೆ ಒಂದು ಸಣ್ಣ ತೂತು ಮಾಡಿ, ಸುಕ್ಕು ಬೀಳದಂತೆ ತೊಡಿಸಿ. ಅದರ ಮೇಲೆ ಹತ್ತಿ ರೋಲನ್ನು ಬೆರಳ ಕಡೆಯಿಂದ ಮೊಣಕೈ ಕಡೆಗೆ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಎರಡು ಪದರ ಸುತ್ತಿ. ಕಿರುಬೆರಳ ಕಡೆಯ ಮಣಿಕಟ್ಟಿನ ಮೂಳೆಗುಬ್ಬಿನ ಮೇಲೆ, ಹೆಬ್ಬೆರಳ ಬುಡದಲ್ಲಿ, ಪಟ್ಟಿಯ ಎರಡೂ ಅಂಚುಗಳಲ್ಲಿ ಹತ್ತಿಯ ಒಂದು ತುಂಡನ್ನು ಹೆಚ್ಚಾಗಿ ಇಡಿ. ಉಳಿದ ಕಡೆ ಎರಡು ಪದರಕ್ಕಿಂತ ಹೆಚ್ಚು ಬೇಡ. ಹತ್ತಿ ಕಡಿಮೆಯಾದರೆ ಹುಣ್ಣು, ಹೆಚ್ಚಾದರೆ ಒಳಗೆ ಕೈ ಅಲುಗಾಡಿ ಮೂಳೆ ಮತ್ತೆ ಜಾರುತ್ತದೆ. ದಿಂಬಿನೊಳಗೆ ಇಟ್ಟ ಕೋಲನ್ನು ದಿಂಬು ಹಿಡಿದು ನಿಲ್ಲಿಸಲು ಸಾಧ್ಯವೇ? ಹತ್ತಿ ಸುತ್ತುವಾಗ ಮಣಿಕಟ್ಟು ಪಟ್ಟಿಯಲ್ಲಿ ಯಾವ ಕೋನದಲ್ಲಿ ಇರಬೇಕೋ ಅದೇ ಕೋನದಲ್ಲಿರಲಿ. ನೇರ ಕೈಗೆ ಸುತ್ತಿ ಆಮೇಲೆ ಬಾಗಿಸಿದರೆ ಬಾಗಿದ ಒಳಬದಿಯಲ್ಲಿ ಹತ್ತಿ ಹಗ್ಗದಂತೆ ಮುದುಡಿ ಚರ್ಮವನ್ನು ಕೊರೆಯುತ್ತದೆ.

ಪ್ಲಾಸ್ಟರ್

ಮೊದಲ ದಿನದ ಸ್ಲ್ಯಾಬಿಗೆ ಉದ್ದವನ್ನು ಚೆನ್ನಾಗಿರುವ ಕೈಯ ಮೇಲೆ ಅಳೆಯಿರಿ: ಬೆರಳ ಗೆಣ್ಣಿನಿಂದ ಮೊಣಕೈ ಮಡಿಕೆಗೆ ಎರಡು ಬೆರಳು ಕೆಳಗಿನವರೆಗೆ. ಎಂಟರಿಂದ ಹತ್ತು ಪದರ ಮಡಚಿ, ಎರಡೂ ತುದಿ ಹಿಡಿದು ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಎತ್ತಿ, ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಪದರಗಳ ನಡುವಿನ ಗಾಳಿಯನ್ನು ಹೊರಹಾಕಿ. ಗಾಳಿ ಉಳಿದರೆ ಪದರಗಳು ಒಂದಕ್ಕೊಂದು ಅಂಟದೆ ಹಪ್ಪಳದ ಕಟ್ಟಿನಂತೆ ಬಿಡಿಬಿಡಿಯಾಗಿ ನಿಂತು ಬೇಗ ಮುರಿಯುತ್ತವೆ. ಕೈಗೆ ಹೊಂದಿಸಿದ ಮೇಲೆ ಸುತ್ತುವ ಗಾಜ್ ಬ್ಯಾಂಡೇಜನ್ನೂ ನೀರಿನಲ್ಲಿ ನೆನೆಸಿಯೇ ಸುತ್ತಬೇಕು. ಒಣ ಬ್ಯಾಂಡೇಜ್ ಪ್ಲಾಸ್ಟರಿನ ತೇವ ಹೀರಿ ಕುಗ್ಗಿ ಬಿಗಿಯಾಗುತ್ತದೆ.

ಸುತ್ತುಪಟ್ಟಿಯಲ್ಲಿ, ರೋಲಿನ ತುದಿಯನ್ನು ಎಡಗೈ ಬೆರಳಿನಲ್ಲಿ ಹಿಡಿದು, ಏಕೆಂದರೆ ನೆನೆದ ಮೇಲೆ ತುದಿ ಎಲ್ಲಿದೆಯೆಂದು ಸಿಗುವುದಿಲ್ಲ, ರೋಲನ್ನು ಓರೆಯಾಗಿ ಮುಳುಗಿಸಿ. ಗುಳ್ಳೆ ನಿಂತೊಡನೆ ತೆಗೆದು ಎರಡೂ ತುದಿಗಳನ್ನು ನಡುವಿಗೆ ಮೆಲ್ಲಗೆ ಒತ್ತಿ. ಬಟ್ಟೆ ಹಿಂಡಿದಂತೆ ಹಿಂಡಿದರೆ ನೀರಿನೊಂದಿಗೆ ಪ್ಲಾಸ್ಟರೂ ಬಕೆಟಿಗೆ ಹೋಗುತ್ತದೆ. ಸುತ್ತುವಾಗ ರೋಲ್ ಕೈಯನ್ನು ಬಿಟ್ಟು ಮೇಲೇಳಬಾರದು. ಎಳೆಯದೆ, ಚಾಪೆ ಹಾಸಿದಂತೆ ಉರುಳಿಸಿಕೊಂಡು ಹೋಗಬೇಕು. ಮುಂಗೈ ಮೊಣಕೈ ಕಡೆಗೆ ದಪ್ಪವಾಗುವುದರಿಂದ ಪಟ್ಟಿಯ ಒಂದು ಅಂಚು ಸಡಿಲವಾಗಿ ನಿಲ್ಲುತ್ತದೆ. ಅಲ್ಲಿ ಸೀರೆಯ ನೆರಿಗೆ ಹಿಡಿದಂತೆ ಒಂದು ಸಣ್ಣ ಮಡಿಕೆ ಹಿಡಿದು ಅಂಗೈಯಿಂದ ಸವರಿಬಿಡಿ. ಗಾಜ್ ಬ್ಯಾಂಡೇಜಿಗೆ ಮಾಡುವ ಹಾಗೆ ಪ್ಲಾಸ್ಟರನ್ನು ತಿರುವಿ ಸುತ್ತಿದರೆ ಆ ತಿರುವು ದಾರದ ಗೆರೆಯಂತೆ ಒಳಗೆ ಕೊರೆಯುತ್ತದೆ. ಒಂದು ರೋಲ್ ಮುಗಿದ ಕೂಡಲೇ, ಅದು ಗಟ್ಟಿಯಾಗುವ ಮೊದಲೇ ಮುಂದಿನದನ್ನು ಸುತ್ತಿದರೆ ಎಲ್ಲವೂ ಬೆಸೆದು ಒಂದೇ ಆಗುತ್ತವೆ.

ಪಟ್ಟಿಯ ಎಲ್ಲೆಗಳು ಬಹಳ ಮುಖ್ಯ. ಅಂಗೈ ಕಡೆ, ಬೆರಳು ಮಡಚಿದಾಗ ಮೂಡುವ ಗೆರೆಗಳ ಪೈಕಿ ಬೆರಳಿಗೆ ಹತ್ತಿರದ ಗೆರೆಯ ಹಿಂದೆಯೇ ಪಟ್ಟಿ ನಿಲ್ಲಬೇಕು. ಹಿಂಬದಿಯಲ್ಲಿ ಗೆಣ್ಣಿನವರೆಗೆ ಬರಬಹುದು. ಹೆಬ್ಬೆರಳು ಪೂರ್ತಿ ಸ್ವತಂತ್ರವಾಗಿದ್ದು ಕಿರುಬೆರಳ ತುದಿಯನ್ನು ಮುಟ್ಟುವಂತಿರಬೇಕು. ಅಂಗೈ ಕಡೆ ಒಂದು ಬೆರಳಿನಷ್ಟು ಪ್ಲಾಸ್ಟರ್ ಹೆಚ್ಚು ಬಂದರೂ ಬೆರಳ ಬುಡದ ಕೀಲುಗಳು ಮಡಚದೆ ಆರು ವಾರದಲ್ಲಿ ಬಿರುಸಾಗಿಬಿಡುತ್ತವೆ. ಮೂಳೆ ಚೆನ್ನಾಗಿ ಕೂಡಿಯೂ ಮುದ್ದೆ ಮುರಿಯಲಾಗದ ಕೈಗಳನ್ನು ನಾನು ನೋಡಿದ್ದೇನೆ, ಅವುಗಳಲ್ಲಿ ಎಷ್ಟೋ ಈ ಒಂದು ಬೆರಳಿನ ಅಗಲದಿಂದ ಕೆಟ್ಟವು.

ಆಕಾರ ಕೊಡುವುದು

ಕೊನೆಯ ರೋಲ್ ಮುಗಿದ ಕ್ಷಣದಿಂದ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಸಿಗುವುದು ಕೆಲವೇ ನಿಮಿಷ. ಇಡೀ ಕೆಲಸದ ಫಲ ಈ ನಿಮಿಷಗಳಲ್ಲಿದೆ. ತುಂಡು ಹಿಂಬದಿಗೆ ಸರಿದ ಮುರಿತವಾದ್ದರಿಂದ, ಒಂದು ಅಂಗೈಯ ಬುಡವನ್ನು ಕೈಯ ಹಿಂಬದಿಯಲ್ಲಿ, ಮುರಿತದ ಗೆರೆಗಿಂತ ಬೆರಳ ಕಡೆಗೆ ಇಟ್ಟು ಕೆಳಕ್ಕೆ ಒತ್ತಿ. ಇನ್ನೊಂದು ಅಂಗೈಯ ಬುಡವನ್ನು ಕೆಳಬದಿಯಲ್ಲಿ, ಮುರಿತಕ್ಕಿಂತ ಮೊಣಕೈ ಕಡೆಗೆ ಇಟ್ಟು ಮೇಲಕ್ಕೆ ಒತ್ತಿ. ಮೊಣಕೈ ಹತ್ತಿರ ಹಿಂಬದಿಯಲ್ಲಿ ಪಟ್ಟಿಯೇ ಮೂರನೆಯ ಆಸರೆಯಾಗುತ್ತದೆ. ಈ ಮೂರು ಬಿಂದುಗಳ ನಡುವೆ, ಮುರಿತದ ಹಿಂಬದಿಯಲ್ಲಿ ಹರಿಯದೆ ಉಳಿದ ಮೂಳೆಪೊರೆ ಬಾಗಿಲ ಕೀಲಿನಂತೆ ಬಿಗಿದು ತುಂಡನ್ನು ಹಿಡಿದಿಡುತ್ತದೆ. ಆದ್ದರಿಂದ ಚೆನ್ನಾದ ಪಟ್ಟಿಯನ್ನು ಪಕ್ಕದಿಂದ ನೋಡಿದರೆ ಅದು ಸ್ವಲ್ಪ ಬಾಗಿರುತ್ತದೆ, ಒಳಗೆ ಮೂಳೆ ನೇರವಾಗಿರುತ್ತದೆ. ಕೊಳವೆಯಂತೆ ನೇರವಾಗಿ ಕಾಣುವ ಪಟ್ಟಿಯೊಳಗೆ ಮೂಳೆ ಜಾರುವ ಸಂಭವ ಹೆಚ್ಚು. ಹಾಗೆಯೇ ಮುಂಗೈ ಅಡ್ಡಕೊಯ್ತದಲ್ಲಿ ಗುಂಡಗಿಲ್ಲ, ಚಪ್ಪಟೆಯಾಗಿದೆ. ಮೇಲೆ ಕೆಳಗೆ ಅಂಗೈಗಳಿಂದ ಒತ್ತಿ ಪಟ್ಟಿಯನ್ನೂ ಚಪ್ಪಟೆಯಾಗಿಸಬೇಕು. ಮಕ್ಕಳ ಮುಂಗೈ ಪಟ್ಟಿಯಲ್ಲಿ ಇದನ್ನು ಎಕ್ಸ್‌ರೇಯಲ್ಲಿ ಅಳೆಯುವುದುಂಟು: ಮುರಿತದ ಜಾಗದಲ್ಲಿ ಪಕ್ಕದ ನೋಟದ ಒಳ ಅಗಲವನ್ನು ಎದುರು ನೋಟದ ಒಳ ಅಗಲದಿಂದ ಭಾಗಿಸಿದರೆ 0.8 ಅಥವಾ ಅದಕ್ಕಿಂತ ಕಡಿಮೆ ಬರಬೇಕು.

ಒತ್ತುವುದು ಯಾವಾಗಲೂ ಅಂಗೈಯಿಂದ. ಬೆರಳ ತುದಿ ಹಸಿ ಪ್ಲಾಸ್ಟರಿಗೆ ತಾಗಬಾರದು. ನನ್ನ ಆರಂಭದ ವರ್ಷಗಳಲ್ಲಿ, ಸಕ್ಕರೆ ಕಾಯಿಲೆಯಿದ್ದ ಒಬ್ಬ ಅಜ್ಜಿಯ ಕೈಯನ್ನು ನಾನು ಬೆರಳುಗಳಿಂದ ಹಿಡಿದು ಪಟ್ಟಿ ಮುಗಿಸಿದ್ದೆ. ಮಾರನೆಯ ದಿನ ಅವರು ಬಂದು, ಮಣಿಕಟ್ಟಿನ ಗುಬ್ಬನ್ನು ಪಟ್ಟಿಯ ಮೇಲಿಂದಲೇ ಒಂದೇ ಬೆರಳಿನಿಂದ ತೋರಿಸಿ, ಇಲ್ಲಿ ಉರಿಯುತ್ತದೆ ಮಗಾ ಎಂದಿದ್ದರು. ಮುರಿದ ಕೈ, ನೋಯುವುದು ಸಹಜವೆಂದು ಮಾತ್ರೆ ಕೊಟ್ಟು ಕಳುಹಿಸಿದೆ. ಎರಡು ದಿನದ ಮೇಲೆ ಉರಿ ನಿಂತಿತಂತೆ. ಹತ್ತು ದಿನಕ್ಕೆ ಪಟ್ಟಿಯಿಂದ ವಾಸನೆ ಬಂತು, ಕತ್ತರಿಸಿ ನೋಡಿದರೆ ನನ್ನ ಹೆಬ್ಬೆರಳು ಒತ್ತಿದ ಗುಳಿಯ ಕೆಳಗೇ ರೂಪಾಯಿಯಗಲದ ಹುಣ್ಣು. ಉರಿ ನಿಂತದ್ದು ಗುಣವಾಗಿ ಅಲ್ಲ, ಆ ಜಾಗದ ಚರ್ಮ ಸತ್ತು ಹೋಗಿ. ರೋಗಿ ಪಟ್ಟಿಯ ಮೇಲೆ ಒಂದೇ ಬಿಂದುವನ್ನು ತೋರಿಸಿ ನೋವೆಂದರೆ, ಅದು ಮುರಿತದ ಜಾಗವಲ್ಲದಿದ್ದರೆ, ಅಂದೇ ಅಲ್ಲಿ ಪಟ್ಟಿಯನ್ನು ತೆರೆದು ನೋಡಬೇಕು.

ಕೈಗೆ ತಾಗುವ ಬಿಸಿ ಏರಿ ಇಳಿಯತೊಡಗಿದಾಗ, ಬೆರಳ ಗೆಣ್ಣಿನಿಂದ ತಟ್ಟಿದರೆ ಮಂಕಾದ ಸದ್ದಿನ ಬದಲು ಗಟ್ಟಿ ಸದ್ದು ಬಂದಾಗ ಹಿಡಿತ ಬಿಡಬಹುದು. ನಡುವೆ ಅಲುಗಿಸಿದರೆ ಪದರಗಳಲ್ಲಿ ಬಿರುಕು ಬೀಳುತ್ತದೆ. ಬಳಿಕ ಅಂಚುಗಳನ್ನು ಕತ್ತರಿಸಿ, ಸ್ಟಾಕಿನೆಟನ್ನು ಮೇಲಕ್ಕೆ ಮಡಚಿ ಒಂದು ಸುತ್ತು ಪ್ಲಾಸ್ಟರಿನಿಂದ ಅಂಟಿಸಿ. ಪಟ್ಟಿಯ ಮೇಲೆಯೇ, ರೋಗಿ ಬಿದ್ದ ದಿನಾಂಕ, ಪಟ್ಟಿ ಹಾಕಿದ ದಿನಾಂಕ, ಮುರಿತದ ಸಣ್ಣ ಚಿತ್ರ ಬರೆದಿಡಿ. ಕಾಗದ ಕಳೆದರೂ ಪಟ್ಟಿ ಕಳೆಯುವುದಿಲ್ಲ. ಮೇಲೆ ಗಟ್ಟಿಯೆನಿಸಿದರೂ ಒಳತೇವ ಪೂರ್ತಿ ಆರಲು ಒಂದೆರಡು ದಿನ ಬೇಕು, ಅಷ್ಟರವರೆಗೆ ಗಾಳಿಗೆ ತೆರೆದಿಡಬೇಕು, ಒತ್ತಡ ಬೀಳಿಸಬಾರದು.

ಫೈಬರ್ ಪಟ್ಟಿ ಹಗುರ, ಗಟ್ಟಿ, ಎಕ್ಸ್‌ರೇಗೆ ಕಡಿಮೆ ಅಡ್ಡ. ಆದರೆ ಅದು ದುಬಾರಿ, ಅದರ ಅಂಟು ಚರ್ಮಕ್ಕೆ ಹಿಡಿಯುವುದರಿಂದ ಕೈಗವಸು ಬೇಕು, ಆಕಾರಕ್ಕೂ ಪ್ಲಾಸ್ಟರಿನಷ್ಟು ಬಗ್ಗುವುದಿಲ್ಲ. ಕೂಡಿಸಿದ ಹೊಸ ಮುರಿತಕ್ಕೆ ನಾನು ಪ್ಲಾಸ್ಟರನ್ನೇ ಬಯಸುತ್ತೇನೆ. ಎರಡು ಮೂರು ವಾರ ಕಳೆದು ಮೂಳೆ ಅಂಟಿಕೊಂಡ ಮೇಲೆ ಫೈಬರಿಗೆ ಬದಲಿಸುವುದರಲ್ಲಿ ಅಭ್ಯಂತರವಿಲ್ಲ.

ಮನೆಗೆ ಕಳುಹಿಸುವ ಮುನ್ನ, ಕಳುಹಿಸಿದ ಮೇಲೆ

ಮತ್ತೊಂದು ಎಕ್ಸ್‌ರೇ ತೆಗೆಸಿ ಮೂಳೆಯ ಸ್ಥಾನವನ್ನು ಖಚಿತಪಡಿಸಿಕೊಳ್ಳಿ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಮೊದಲು ಮಾಡಿದ ನರದ ಪರೀಕ್ಷೆಗಳನ್ನು ಮತ್ತೆ ಮಾಡಿ, ಮತ್ತೆ ಬರೆಯಿರಿ.

ಎಲ್ಲಕ್ಕಿಂತ ಅಪಾಯದ ಸಂಗತಿಯೆಂದರೆ, ಊತದ ಒತ್ತಡ ಸ್ನಾಯುಗಳೊಳಗೆ ಏರಿ ಅವುಗಳಿಗೆ ರಕ್ತ ಸಿಗದಂತಾಗುವುದು. ಇದರ ಮೊದಲ ಗುರುತು ನೋವು: ಮುರಿತಕ್ಕೆ ಹೊಂದದಷ್ಟು, ಕೈ ಎತ್ತಿಟ್ಟರೂ ಮಾತ್ರೆ ನುಂಗಿದರೂ ಏರುತ್ತಲೇ ಹೋಗುವ ನೋವು. ಮಡಚಿದ ಬೆರಳುಗಳನ್ನು ನಾವು ಮೆಲ್ಲಗೆ ಬಿಡಿಸಿದರೆ ರೋಗಿ ಚೀರುತ್ತಾರೆ. ಬೆರಳು ತಣ್ಣಗಾಗುವುದು, ನಾಡಿ ನಿಲ್ಲುವುದು ಬಹಳ ತಡವಾಗಿ ಬರುವ ಲಕ್ಷಣಗಳು. ಅವುಗಳಿಗಾಗಿ ಕಾಯುತ್ತಾ ಕುಳಿತರೆ ಸ್ನಾಯುಗಳು ಕೆಲವೇ ಗಂಟೆಗಳಲ್ಲಿ ಸತ್ತು, ಕೈ ಹಕ್ಕಿಯ ಉಗುರಿನಂತೆ ಮುದುಡಿ ನಿಲ್ಲುತ್ತದೆ. ಜರ್ಮನಿಯ ರಿಚರ್ಡ್ ಫೋನ್ ಫೋಲ್ಕ್‌ಮನ್ 1881ರಲ್ಲಿ, ಬಿಗಿ ಪಟ್ಟಿ ಕಟ್ಟಿದ ಕೈಗಳು ಹೀಗಾಗುವುದನ್ನು ವಿವರಿಸಿದ್ದರು. ಬಿದಿರಿನ ದಬ್ಬೆ ಇಟ್ಟು ಬಿಗಿದ ನಾಟಿ ಕಟ್ಟುಗಳಿಂದ ಇಂಥ ಕೈಗಳು ಇಂದಿಗೂ ನಮ್ಮಲ್ಲಿಗೆ ಬರುತ್ತವೆ. ಅನುಮಾನ ಬಂದ ಕ್ಷಣ ಪಟ್ಟಿಯನ್ನು ಉದ್ದಕ್ಕೂ ಸೀಳಿ ಅಗಲಿಸಬೇಕು, ಅದರೊಂದಿಗೆ ಒಳಗಿನ ಹತ್ತಿ, ಸ್ಟಾಕಿನೆಟ್ ಎಲ್ಲವನ್ನೂ ಚರ್ಮ ಕಾಣುವವರೆಗೆ ಕತ್ತರಿಸಬೇಕು. ರಕ್ತ ಒಣಗಿದ ಹತ್ತಿಯೂ ಪ್ಲಾಸ್ಟರಿನಷ್ಟೇ ಬಿಗಿಯಾಗಬಲ್ಲದು. ಮೂಳೆ ಜಾರುತ್ತದೆಂದು ಹಿಂಜರಿಯಬೇಡಿ. ಜಾರಿದ ಮೂಳೆಯನ್ನು ಮತ್ತೆ ಕೂಡಿಸಬಹುದು. ಬಿಚ್ಚಿದ ಮೇಲೂ ನೋವು ಬೇಗ ಇಳಿಯದಿದ್ದರೆ ಆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವಲ್ಲಿಗೆ ಕಳುಹಿಸಬೇಕು.

ರೋಗಿಗೂ ಮನೆಯವರಿಗೂ ಹೇಳುವ ಮಾತು ಅವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ಎರಡು ಮೂರು ದಿನ ಕೈಯನ್ನು ಎದೆಗಿಂತ ಎತ್ತರದಲ್ಲಿ, ಮಲಗಿದಾಗ ದಿಂಬಿನ ಮೇಲೆ ಇಡಬೇಕು. ಕುತ್ತಿಗೆಗೆ ಕಟ್ಟಿದ ಜೋಲಿಯಲ್ಲಿ ಕೈ ಹೊಕ್ಕುಳ ಮಟ್ಟಕ್ಕೆ ಇಳಿಬಿದ್ದರೆ ಊತ ಇಳಿಯುವುದಿಲ್ಲ. ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ ಬಿಡಿಸಬೇಕು. ದಿನಕ್ಕೆ ನಾಲ್ಕಾರು ಬಾರಿ ತಲೆ ಬಾಚಿಕೊಳ್ಳುವ ಹಾಗೆ ತೋಳನ್ನು ಮೇಲೆತ್ತಬೇಕು, ಇಲ್ಲದಿದ್ದರೆ ಮಣಿಕಟ್ಟು ಗುಣವಾಗುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ. ನೀರು ತಾಗಿಸಬಾರದು. ತುರಿಕೆಯೆಂದು ಕಡ್ಡಿ, ಪೆನ್ನು, ಹೇರ್‌ಪಿನ್ ಒಳಗೆ ತೂರಿಸಬಾರದು. ಒಳಗೆ ಗೀರಿದ ಗಾಯ ಯಾರಿಗೂ ಕಾಣದೆ ಕೀವಾಗುತ್ತದೆ. ನೋವು ಏರಿದರೆ, ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಮಧ್ಯರಾತ್ರಿಯಾದರೂ ಬನ್ನಿ ಎಂದು ಹೇಳಿ, ಎಲ್ಲಿಗೆ ಬರಬೇಕೆಂಬುದನ್ನೂ ಬರೆದುಕೊಡಿ. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಮಂಕಾಗಿರುವುದರಿಂದ ಅವರನ್ನು ಮರುದಿನವೇ ಕರೆಸಿ ನೋಡುವುದು ಕ್ಷೇಮ.

ಒಂದು ವಾರಕ್ಕೆ, ಮತ್ತೆ ಎರಡು ವಾರಕ್ಕೆ ಎಕ್ಸ್‌ರೇ ಬೇಕು. ಊತ ಇಳಿದು ಪಟ್ಟಿ ಸಡಿಲವಾಗುವುದೂ, ಮೂಳೆ ಜಾರುವುದೂ ಈ ಅವಧಿಯಲ್ಲೇ. ಮೊದಲ ಎರಡು ವಾರದಲ್ಲಿ ಕಂಡರೆ ಸರಿಪಡಿಸುವುದು ಸುಲಭ. ದೊಡ್ಡವರಿಗೆ ಒಟ್ಟು ಸುಮಾರು ಆರು ವಾರ, ಮೂಳೆ ಬರೀ ಮಡಚಿಕೊಂಡಂತಾದ ಮಕ್ಕಳಿಗೆ ಸುಮಾರು ಮೂರು ವಾರ ಪಟ್ಟಿ ಇರುತ್ತದೆ.

ಪಟ್ಟಿ ತೆಗೆಯುವುದು

ಗರಗಸದ ಸದ್ದಿಗೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹೆದರುತ್ತಾರೆ. ಈ ಅಲಗು ಚಕ್ರದಂತೆ ತಿರುಗುವುದಿಲ್ಲ, ನಿಂತಲ್ಲೇ ಅತ್ತಿತ್ತ ಕಂಪಿಸುತ್ತದೆ. ಗಟ್ಟಿ ಪ್ಲಾಸ್ಟರನ್ನು ಕತ್ತರಿಸುತ್ತದೆ, ಮೃದು ಚರ್ಮ ಅದರೊಂದಿಗೇ ಅಲುಗುವುದರಿಂದ ಸಾಮಾನ್ಯವಾಗಿ ಸೀಳುವುದಿಲ್ಲ. ಯಂತ್ರ ಚಾಲೂ ಮಾಡಿ ಅಲಗನ್ನು ನಿಮ್ಮ ಅಂಗೈಗೇ ಹಗುರವಾಗಿ ತಾಗಿಸಿ ತೋರಿಸಿದರೆ ಅವರಿಗೆ ಧೈರ್ಯ ಬರುತ್ತದೆ. ಹಾಗೆಂದು ಗರಗಸ ನಿರಪಾಯಕಾರಿಯೇನಲ್ಲ. ಮೇಲಿನಿಂದ ಒತ್ತಿ, ಪ್ರತಿರೋಧ ತಪ್ಪಿದೊಡನೆ ಎತ್ತಿ, ಒಂದು ಬೆರಳಷ್ಟು ಮುಂದೆ ಮತ್ತೆ ಒತ್ತಬೇಕು; ಒಳಗಿಟ್ಟು ಚಾಕುವಿನಂತೆ ಎಳೆದರೆ ಗಾಯವಾಗುತ್ತದೆ. ಅಲಗು ಬಿಸಿಯೇರುತ್ತದೆ, ಆಗಾಗ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಆರಲು ಬಿಡಿ. ಮೂಳೆಗುಬ್ಬುಗಳ ಮೇಲೆ ಗೆರೆ ಹಾಯದಂತೆ ಮೊದಲೇ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ.

ತೆರೆದ ಕೈ ಸಣಕಲಾಗಿ, ಒಣ ಸಿಪ್ಪೆ ಎದ್ದು, ಕೂದಲು ಹೆಚ್ಚಾಗಿ ಕಾಣುತ್ತದೆ. ಇದು ಸಹಜವೆಂದು ಮೊದಲೇ ತಿಳಿಸಿ. ಸಿಪ್ಪೆಯನ್ನು ಉಜ್ಜದೆ, ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಬ್ಬರಿ ಎಣ್ಣೆ ಸವರಿದರೆ ಕೆಲವು ದಿನಗಳಲ್ಲಿ ಹೋಗುತ್ತದೆ. ಅದೇ ಬೆಚ್ಚಗಿನ ನೀರಿನೊಳಗೇ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಲು, ಅಂಗೈಯನ್ನು ಮಗುಚಿ ತಿರುಗಿಸಲು ಕಲಿಸಿ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದನ್ನೂ, ಬೇರೆಯವರು ಹಿಡಿದು ಬಗ್ಗಿಸುವುದನ್ನೂ ಬೇಡವೆನ್ನಿ. ಕೆಲವು ವಾರಗಳ ನಂತರ ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಶಕ್ತಿ ಇದ್ದಕ್ಕಿದ್ದಂತೆ ಹೋದರೆ, ಮುರಿತದ ಒರಟಿನ ಮೇಲೆ ಸವೆದು ಅದರ ಸ್ನಾಯುರಜ್ಜು ಕಡಿದಿರಬಹುದು. ಅದಕ್ಕೆ ನೋವಿರುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಜನ ಬರುವುದೂ ಇಲ್ಲ. ಪಟ್ಟಿ ತೆಗೆದ ದಿನವೇ, ಅಂಗೈ ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ಎತ್ತಿ ನೋಡಿಕೊಳ್ಳುವುದನ್ನು ಕಲಿಸಿ, ಅದು ಏಳದಿದ್ದ ದಿನ ಬರಲು ಹೇಳಿ ಕಳುಹಿಸಿ.